ಹಿಲಿಯರ್ ಅಂದ್ರೆ ಸಂತನೋ, ಗುಡ್ಡದವನೋ, ಮಾಡು ಹೊದಿಸೋನೋ: ನನ್ನ ಅನುಭವ

ಹಿಲಿಯರ್ ಅನ್ನೋ ಇಂಗ್ಲಿಷ್ ಅಡ್ಡಹೆಸರಿನ ಅರ್ಥಕ್ಕೆ ಡಿಕ್ಷನರಿ ಸಾಕು, ಅದಕ್ಯಾಕೋ ಇಷ್ಟು ದುಡ್ಡು ಸುರೀತಿ ಅಂತ ವಂಶಾವಳಿ ಹುಡುಕೋ ಈ ಲೈನಲ್ಲಿ ನನಗಿಂತ ಹತ್ತು ವರ್ಷ ಹಿರಿಯರೊಬ್ಬರು ಫೋನಲ್ಲೇ ನಕ್ಕಿದ್ರು. ಹೋದ ತಿಂಗಳು ಅವರೇ ಫೋನ್ ಮಾಡಿ "ಆ ಹಿಲಿಯರ್ ಕೇಸು ಹೆಂಗ ಬಿಡಿಸಿದ್ಯೋ ತಮ್ಮಾ" ಅಂತ ಕೇಳಿದ್ರು. ಅದಕ್ಕೇ ಇದನ್ನ ಬರೀತಿರೋದು, ಸ್ವಲ್ಪ ಜಂಬ ಕಂಡ್ರೆ ಹೊಟ್ಟೆಗೆ ಹಾಕ್ಕೊಳ್ರಿ.

ನಾನು ಧಾರವಾಡದಲ್ಲಿ ಕೂತು ಬ್ರಿಟಿಷರ ವಂಶಾವಳಿ ಹುಡುಕಿಕೊಡೋ ಕೆಲಸ ಮಾಡ್ತೀನಿ. ಈ ಗಿರಾಕಿ ಬಂದಿದ್ದು ಬೆಂಗಳೂರು ಕಂಟೋನ್ಮೆಂಟಲ್ಲಿ ಸಿಪಾಯಿ ಆಗಿದ್ದ ತನ್ನ ಮುತ್ತಾತನ ಸಲುವಾಗಿ. ಮದ್ರಾಸ್ ಪ್ರೆಸಿಡೆನ್ಸಿ ಚರ್ಚ್ ದಾಖಲೆ ಇದೆಯಲ್ಲ, ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿ, ಅದರಲ್ಲಿ ಅವನ ಮಗುವಿನ ಬ್ಯಾಪ್ಟಿಸಮ್ (ಚರ್ಚಿನ ದೀಕ್ಷಾಸ್ನಾನ) ಎರಡೇ ದಿನಕ್ಕೆ ಸಿಕ್ತು. ಅಲ್ಲಿಗೆ ಬಿಲ್ ಮಾಡಿ ಮುಗಿಸಬೇಕಿತ್ತು. ಆದ್ರೆ ಗಿರಾಕಿ, ನಮ್ಮ ಹಿಲಿಯರ್ ಹೆಸರು ಜೆರ್ಸಿ ದ್ವೀಪದ ಸಂತ ಹೆಲಿಯರ್‌ನಿಂದ ಬಂದದ್ದು, ಅದನ್ನೂ ಪ್ರೂವ್ ಮಾಡಿಕೊಡು ಅಂದ. ಸುಮಾರು ನೂರೆಂಬತ್ತು ಪೌಂಡಿಗೆ ಒಪ್ಕೊಂಡೆ, ಅರ್ಧ ಮುಂಗಡ. ಬುದ್ಧಿ ಇರಲಿಲ್ಲ.

ಈ ಹೆಸರಿನ ಜಂಜಾಟ ಏನಂತ ಮೊದಲು ಹೇಳ್ತೀನಿ. ಹಳೇ ಇಂಗ್ಲಿಷಲ್ಲಿ ಹೆಲಿಯನ್ ಅಂದ್ರೆ ಮುಚ್ಚು, ಅದರಿಂದ ಹೆಲಿಯರ್, ಅಂದ್ರೆ ಮನೆಗೆ ಮಾಡು (ಛಾವಣಿ) ಹೊದಿಸೋನು, ಅದೂ ಹೆಚ್ಚಾಗಿ ಪಾಟಿಕಲ್ಲಿಂದ (ಸ್ಲೇಟ್ ಕಲ್ಲು). ಡಿಕ್ಷನರಿ ಇಷ್ಟು ಹೇಳಿ ಕೆಳಗೆ ಹಿಲರಿ ಅನ್ನೋ ಹೆಸರಿಂದಲೂ (ಗಿರಾಕಿಯ ಸಂತನ ಕಥೆ ಕೂರೋದು ಇಲ್ಲೇ) ಬಂದಿರಬಹುದು, ಗುಡ್ಡದ ಹತ್ತಿರ ಇದ್ದವನೂ ಇರಬಹುದು ಅಂತ ಸೇರಿಸಿ ಕೈ ತೊಳ್ಕೊಳ್ಳುತ್ತೆ. ಗಿರಾಕಿಗೆ ಬಹುದುಗಳನ್ನ ಮಾರೋಕಾಗಲ್ಲ ನೋಡ್ರಿ. ಒಂದೇ ಸ್ಪೆಲ್ಲಿಂಗಿನ ಕೆಳಗೆ ಮೂರು ಬೇರೆಬೇರೆ ಮನೆತನ ಕೂತಿರ್ತಾವೆ, ಒಂದೊಂದಕ್ಕೂ ಒಂದೊಂದು ಅರ್ಥ. ಹಾಗಾಗಿ ಮೊದಲು ಮನೆತನದ ಊರಿಗೆ ಮುಟ್ಟಬೇಕು, ಆಮೇಲೆ ಅರ್ಥ. ನನ್ನ ಹಟ ಇದೇ ಆಗಿತ್ತು, ಹಿರಿಯರು ನಕ್ಕಿದ್ದೂ ಇದಕ್ಕೇ.

ಮೊದಲನೇ ವರ್ಷ ಪೂರ್ತಿ ದಂಡ. 1881ರ ಇಂಗ್ಲೆಂಡ್ ಸೆನ್ಸಸ್ ತಗೊಂಡು ಹಿಲಿಯರ್‌ಗಳನ್ನೆಲ್ಲ ಮ್ಯಾಪಿಗೆ ಹಾಕಿದೆ, ವಿಲ್ಟ್‌ಷೈರ್ ಹ್ಯಾಂಪ್‌ಷೈರ್ ಕಡೆ ಗುಂಪುಗುಂಪಾಗಿ ಬಂದ್ರು, ಸಿಕ್ತು ಸಿಕ್ತು ಅಂತ ಖುಷಿಪಟ್ಟು ಅಲ್ಲಿನ ಐದು ಜನನ ಸರ್ಟಿಫಿಕೇಟು ತರಿಸಿದೆ, ಆಗ ಒಂದಕ್ಕೆ ಏಳು ಪೌಂಡು, ಐದೂ ತಪ್ಪು ಮನುಷ್ಯರು. ಸೈಟ್‌ಗಳ ಸಬ್‌ಸ್ಕ್ರಿಪ್ಷನ್‌ಗೆ ಒಂದು ಹದಿನಾಲ್ಕು ಸಾವಿರ ಹೋಗಿತ್ತು, ಅದರ ಮೇಲೆ ಕಾರ್ಡಿನವರ ಫಾರೆಕ್ಸ್ ಚಾರ್ಜು. ಮುಂಗಡ ಆವಿ ಆಯ್ತು. ಮನೇಲಿ "ಸತ್ತವರನ್ನ ಹುಡುಕಾಕ ಇದ್ದವರ ರೊಕ್ಕ ಹಾಕ್ತೀಯಲ್ಲ" ಅಂತ ದಿನಾ ಮಂಗಳಾರತಿ.

ಬಾಗಿಲು ತೆರೆದಿದ್ದು ಡಬ್ಲ್ಯೂಓ 97ರಿಂದ, ಅಂದ್ರೆ ಬ್ರಿಟನ್ನಿನ ವಾರ್ ಆಫೀಸ್ ದಾಖಲೆಯಲ್ಲಿ ಪಿಂಚಣಿ ತಗೊಂಡ ಸಿಪಾಯಿಗಳ ಸರ್ವಿಸ್ ಪೇಪರು. ಹಿಲಿಯರ್ ಅಂತ ಹಾಕಿದ್ರೆ ಆಸಾಮಿ ಇಲ್ಲವೇ ಇಲ್ಲ. ಬೆಂಗಳೂರಲ್ಲಿ ಬರೆದವನು ಕಿವಿಗೆ ಬಿದ್ದಂಗೆ ಬರೆದಿದ್ದ, ಆ ಮನುಷ್ಯ ಹುಟ್ಟಾ ಹೆಲ್ಯರ್, ಇಂಗ್ಲೆಂಡಿನ ನೈರುತ್ಯ ಮೂಲೆಯ ಡೆವನ್ ಕಡೆಯವನು. ಇನ್ನು ಊರಿನ ರಿಜಿಸ್ಟರಿಗೆ ಹೋದ್ರೆ ಅಲ್ಲಿ ಹೆ ಕೂಡ ಇಲ್ಲ, ಬರೀ ಎಲಿಯರ್! ನಮ್ಮ ಮಂಡ್ಯ ಕಡೆ ಹಾಲು ಆಲು ಆದಂಗೆ ಅವರಲ್ಲೂ ಹಳ್ಳಿ ಬಾಯಲ್ಲಿ ಹಕಾರ ನಿಲ್ಲಲ್ಲ. ನಾನು ಯಾವ ಯಾವ ಸ್ಪೆಲ್ಲಿಂಗು ಯಾವ ಕ್ರಮದಲ್ಲಿ ಹಾಕ್ತೀನಿ ಅನ್ನೋ ಪಟ್ಟಿ ಒಂದಿದೆ, ಸುಮಾರು ಇಪ್ಪತ್ತಮೂರು ಇವೆ, ಅದನ್ನ ಇಲ್ಲಿ ಹಾಕಲ್ಲ, ಹೊಟ್ಟೆಪಾಡು.

1813ರಿಂದ ಈಚೆಗೆ ಬ್ಯಾಪ್ಟಿಸಮ್ ಫಾರಮ್ಮಲ್ಲಿ ಅಪ್ಪನ ಕಸುಬಿನ ಕಾಲಮ್ ಇರುತ್ತೆ, ಅಲ್ಲಿ ಇವರೆಲ್ಲ ಕೂಲಿ ಕೂಲಿ ಕೂಲಿ. ಅಲ್ಲಿ ನಿಂತಿದ್ರೆ ಸೋತಂಗೇ. ಅದಕ್ಕೆ ಎರಡು ದಿಕ್ಕಿನಿಂದ ಹೊಡೆದೆ. ಒಂದು, 1332ರ ಡೆವನ್ ತೆರಿಗೆ ಪಟ್ಟಿ. ಅಲ್ಲಿ ಅಡ್ಡಹೆಸರಿಗಿಂತ ಅದಕ್ಕೆ ಮೊದಲು ಬರೋ ತುಂಡು ಮುಖ್ಯ. ಕಸುಬಿನವನಾದ್ರೆ ಮೊದಲು ಲೆ ಅಂತ ಇರುತ್ತೆ, ಲೆ ಹೆಲಿಯರೆ. ಗುಡ್ಡದವನಾದ್ರೆ ಅಟ್ಟೆ ಹುಲ್ಲೆ (ನಮ್ಮ ಹುಲ್ಲೂ ಅಲ್ಲ, ಹುಲ್ಲೆನೂ ಅಲ್ಲ, ಆ ಕಡೆ ಗುಡ್ಡಕ್ಕೆ ಆಗ ಹಂಗಂತಿದ್ರು). ಅಪ್ಪನ ಹೆಸರು ಹಿಲರಿ ಅಂತಾದ್ರೆ ಎರಡೂ ಇಲ್ಲ, ಬರೀ ಹೆಸರು. ನನ್ನ ಗಿರಾಕಿಯ ಸುತ್ತಮುತ್ತಲ ಊರುಗಳಲ್ಲಿ ಲೆ ಇರೋ ಹೆಲಿಯರ್‌ಗಳು ಸಿಕ್ಕಿದ್ರು, ಹಿಲರಿ ಒಂದೂ ಇಲ್ಲ.

ಇನ್ನೊಂದು ದಿಕ್ಕು ಚರ್ಚಿನ ಖರ್ಚುಪುಸ್ತಕ. ಕಾಪಿಗೆ ನಲವತ್ತು ಪೌಂಡ್ ಹತ್ರ ಕೊಟ್ಟೆ, ಅದರಲ್ಲಿ ಅರ್ಧ ಪುಟ ಮಸುಕು. ಇಲ್ಲಿ ನನ್ನ ಮಾನ ಹೋಗೋ ವಿಷಯ ಹೇಳ್ತೀನಿ. ಹೀಲಿಂಗ್‌ಗೆ ಅಂತ ಒಬ್ಬ ಹೆಲ್ಯರ್‌ಗೆ ಕಾಸು ಕೊಟ್ಟಿದ್ದು ಓದಿ ಇವನು ನಾಟಿ ವೈದ್ಯ ಅಂತ ಒಂದು ವಾರ ನಂಬಿದ್ದೆ, ಗಿರಾಕಿಗೆ ಮೇಲ್ ಕೂಡ ಹಾಕಿಬಿಟ್ಟಿದ್ದೆ. ಮುಂದಿನ ಸಾಲಲ್ಲಿ ಕಲ್ಲು, ಮೊಳೆ, ಸುಣ್ಣದ ಲೆಕ್ಕ ಇತ್ತು. ರೋಗಿಗೆ ಯಾಕಪ್ಪ ಸುಣ್ಣ ಅಂತ ಆಮೇಲೆ ತಲೆಗೆ ಹೊಳೀತು. ಆ ಸೀಮೆಯಲ್ಲಿ ಮಾಡಿಗೆ ಹಾಕೋ ಪಾಟಿಕಲ್ಲಿಗೇ ಹೆಲಿಂಗ್ ಕಲ್ಲು ಅಂತಿದ್ರು. ಪಕ್ಕದ ಕಾರ್ನ್‌ವಾಲಲ್ಲಿ ಡೆಲಬೋಲ್ ಗಣಿ ಇದೆ, ಅಲ್ಲಿಂದ ಇವತ್ತಿಗೂ ಪಾಟಿಕಲ್ಲು ತೆಗೀತಾರೆ.

ಹಿರಿಯರ ತಕರಾರು ಏನಂದ್ರೆ, ಅಡ್ಡಹೆಸರು ಗಟ್ಟಿಯಾಗಿ ಮುನ್ನೂರು ವರ್ಷ ಆದಮೇಲೆ ಒಬ್ಬ ಹೆಲ್ಯರ್ ಮಾಡು ಹೊದಿಸಿದ್ರೆ ಅದು ಕಾಕತಾಳೀಯ, ಕುಲಕರ್ಣಿ ಅಂತ ಅಡ್ಡಹೆಸರಿದ್ದವನು ಬ್ಯಾಂಕಲ್ಲಿ ಲೆಕ್ಕ ಬರೆದಂಗೆ. ಸರಿ, ಒಬ್ಬನಾದ್ರೆ ನಾನೂ ಒಪ್ತೀನಿ. ಆದ್ರೆ ಅಪ್ಪ, ಮಗ, ಅಣ್ಣನ ಮಗ ಮೂವರಿಗೂ ಅದೇ ಚರ್ಚಿನ ಅದೇ ಮಾಡಿನ ಕೂಲಿ ಹೋಗಿದೆ, ಮೇಲಿಂದ ಆ ಲೆ ಬೇರೆ ಇದೆ. ಇದಕ್ಕಿಂತ ಹೆಚ್ಚು ಬೇಕಾದ್ರೆ ದೇವರೇ ಬಂದು ಸಾಕ್ಷಿ ಹೇಳಬೇಕು. ಆ ಮೂವರು ಒಂದೇ ಮನೆಯವರು ಅಂತ ಕೂಡಿಸಿದ್ದು ಮದುವೆ ಸಾಕ್ಷಿಗಳ ಸಹಿಯಿಂದ. ಅದರಲ್ಲೊಂದು ಉಪಾಯ ಇದೆ, ಅದೂ ಸದ್ಯಕ್ಕೆ ನನ್ನ ಹತ್ರಾನೇ ಇರಲಿ.

ನಡುವೆ ತಲೆಕೆಟ್ಟು ಬೇರೆ ಮಾಡಿನ ಹೆಸರುಗಳನ್ನೂ ಮ್ಯಾಪಿಗೆ ಹಾಕಿದೆ. ಮಜಾ ಇದೆ. ಇಂಗ್ಲೆಂಡಿನ ಉತ್ತರಕ್ಕೆ ಹೋದ್ರೆ ಪಾಟಿಕಲ್ಲಿನವನು ಸ್ಲೇಟರ್, ಹೆಲಿಯರ್ ಅಪರೂಪ. ಹುಲ್ಲು ಹೊದಿಸೋನು ದಕ್ಷಿಣದಲ್ಲಿ ಥ್ಯಾಚರ್, ಉತ್ತರದಲ್ಲಿ ಥ್ಯಾಕರ್. ನಮ್ಮ ಕಿವಿ ತೆಲುಗರಲ್ಲಿ ಚೆವಿ, ನಮ್ಮ ಕೆರೆ ಅವರ ಚೆರುವು ಆಯ್ತಲ್ಲ, ಅದೇ ಕ ಚ ಆಟ. ಆ ಥ್ಯಾಚ್ ಮೂಲದಲ್ಲಿ ಹುಲ್ಲಲ್ಲ, ಬರೀ ಮುಚ್ಚೋದು, ಸಂಸ್ಕೃತದ ಸ್ಥಗಿತದ ಹಳೇ ಅರ್ಥವೂ ಮುಚ್ಚಿದ್ದು ಅಂತಾನೇ, ಎರಡಕ್ಕೂ ಬೇರು ಒಂದೇ. ಕರೆಂಟು ಹೋದಾಗ ವಿದ್ಯುತ್ ಸ್ಥಗಿತ ಅಂತ ಬೋರ್ಡ್ ನೋಡಿದ್ರೆ ನನಗೀಗ ಹುಲ್ಲಿನ ಮಾಡು ಕಾಣುತ್ತೆ.

ಇನ್ನು ನಮ್ಮ ಕಿತ್ತೂರಿನ ಥ್ಯಾಕರೆ. 1824ರ ಅಕ್ಟೋಬರ್ 23ಕ್ಕೆ ಚೆನ್ನಮ್ಮನ ಕೋಟೆ ಮುಂದೆ ಸತ್ತ ಕಲೆಕ್ಟರ್. ಅವನ ಹೆಸರೂ ಮಾಡು ಹೊದಿಸೋ ಕಸುಬಿಂದು ಅಂತ ಹೇಳೋರಿದ್ದಾರೆ, ನಾನೂ ಹಂಗೇ ಅಂದ್ಕೊಂಡಿದ್ದೆ. ಅದು ಕಸುಬಲ್ಲ, ಯಾರ್ಕ್‌ಷೈರಿನ ಜಾಗದ ಹೆಸರು, ಮಾಡಿಗೆ ಹಾಕೋ ಹುಲ್ಲು ಬೆಳೆಯೋ ಮೂಲೆ ಅಂತ ಅರ್ಥ.

ಇಷ್ಟೆಲ್ಲ ಆದ ಜೋರಲ್ಲಿ ನಮ್ಮ ಮನೆಗೇ ಕೈ ಹಾಕಿದೆ. ಅವ್ವನ ತವರಿನ ಅಡ್ಡಹೆಸರು ಹಂಚಿನಮನಿ. ಹಂಚು ಮಾಡೋರು ಅಲ್ಲ, ಹಂಚಿನ ಮನೆಯವರು ಅನ್ನೋದು ಗೊತ್ತು. ಸುತ್ತ ಎಲ್ಲ ಮಣ್ಣಿನ ಮಾಳಿಗಿ ಇರೋ ಬಯಲುಸೀಮೆ ಊರಲ್ಲಿ ಒಂದೇ ಹಂಚಿನ ಮನಿ ಇದ್ರೆ ಅದು ಗುರುತು, ಮಳೆ ಜಾಸ್ತಿ ಇರೋ ಅಳ್ನಾವರ ಕಡೆ ಎಲ್ಲಾ ಹಂಚೇ, ಅಲ್ಲಿ ಆ ಹೆಸರಿಂದ ಯಾರನ್ನ ಗುರುತು ಹಿಡೀತೀರಿ? ಇದು ನನ್ನ ಲೆಕ್ಕ. ಅವ್ವ ಒಪ್ಪಲಿಲ್ಲ, "ಹಂಚಂದ್ರ ರೊಟ್ಟಿ ಹಂಚು, ನಮ್ಮ ಮುತ್ತಜ್ಜಿ ಮನ್ಯಾಗ ಊರ ಜಾತ್ರಿಗೆ ರೊಟ್ಟಿ ಬಡೀತಿದ್ರು" ಅಂದ್ಲು. ಸೋದರಮಾವ ಇನ್ನೂ ಒಂದು ಹೆಜ್ಜೆ ಮುಂದೆ, "ಆಸ್ತಿ ಹಂಚಿಕೊಂಡ ಮನಿ ಲೇ ಅದು, ನಿಮ್ಮವ್ವಗ ಪಾಲು ಬಂದಿಲ್ಲ ಅಂತ ಹೇಳವಲ್ಲಳು". ಜಮೀನಿನ ಹಳೇ ಉತಾರ ತೆಗೆಸೋಕೆ ಎರಡು ಸಾವಿರ ಖರ್ಚಾಯ್ತು, ಅದರಲ್ಲಿ ಅಡ್ಡಹೆಸರೇ ಇಲ್ಲ, ಬರೀ ಅಪ್ಪನ ಹೆಸರು. ಡೆವನ್ನಿನ ಆರುನೂರು ವರ್ಷ ಬಿಡಿಸಿದವನು ಅವ್ವನ ತವರಲ್ಲಿ ನೂರು ವರ್ಷ ದಾಟಲಿಲ್ಲ.

ಗಿರಾಕಿಗೆ ರಿಪೋರ್ಟ್ ಕಳಿಸಿದಾಗ ಒಂದು ತಿಂಗಳು ಉತ್ತರ ಇಲ್ಲ. ಸಂತ ಹೋಗಿ ಕೂಲಿಯವ ಬಂದ್ರೆ ಯಾರಿಗೆ ಖುಷಿ. ನಡುವೆ ಒಮ್ಮೆ, ಡೆವನ್ ಪಕ್ಕದ ಸಾಮರ್ಸೆಟ್ ಜಿಲ್ಲೆಯ ಈಸ್ಟ್ ಕೋಕರ್‌ನ ಹೆಲ್ಯರ್ ಜಮೀನ್ದಾರರು ನಮ್ಮವರಾ ಅಂತಾದ್ರೂ ನೋಡು ಅಂದ, ನೋಡಿದೆ, ಅಲ್ಲ. ಕೊನೆಗೆ ಆತ ಆ ಊರಿಗೇ ಹೋಗಿ ಚರ್ಚಿನ ಮಾಡಿನ ಫೋಟೋ ತೆಗೆದು ಕಳಿಸಿದ, ಬಾಕಿ ಮೇಲೆ ನಲವತ್ತು ಪೌಂಡ್ ಜಾಸ್ತಿನೇ ಹಾಕಿದ್ದ. ಅದು ನಮ್ಮ ಬ್ಯಾಂಕಲ್ಲಿ, ಹಣ ಯಾತಕ್ಕೆ ಬಂತು ಅನ್ನೋ ಪರ್ಪಸ್ ಕೋಡ್ ಸರಿ ಇಲ್ಲ ಅಂತ ಮೂರು ವಾರ ಕೂತಿತ್ತು. ಎಲ್ಲಾ ಕಳೆದು ಎರಡು ವರ್ಷಕ್ಕೆ ಕೈಗೆ ಉಳಿದಿದ್ದು ಶೂನ್ಯ, ಒಂದೆರಡು ಸಾವಿರ ಮೈನಸ್ಸೇ ಇರಬೇಕು.

ಆದ್ರೆ ಆತನ ಬಾಯಿಂದ ಬಾಯಿಗೆ ಹೋಗಿ ಮೂರು ಹೊಸ ಕೆಲಸ ಬಂದಿವೆ. ಅದರಲ್ಲೊಬ್ಬ ಟೈಲರ್, ಅಂದ್ರೆ ಹಂಚು ಹೊದಿಸೋ ಟೈಲರ್, 1381ರ ರೈತರ ದಂಗೆಯ ವಾಟ್ ಟೈಲರ್ ನಮ್ಮ ಮೂಲಪುರುಷ ಅಂತಾನೆ. ನನ್ನ ಹೆಂಡ್ತಿ ಅವನ ಮೇಲ್ ನೋಡಿ ಬ್ಲೌಸ್ ಹೊಲೀತಾನಾ ಕೇಳು ಅಂದ್ಲು. ಈ ಸಲ ದುಡ್ಡು ಪೂರ್ತಿ ಮುಂಗಡ ತಗೊಂಡಿದ್ದೀನಿ.