ಕ್ವಾರಿಯಿಂದ ಬೋರ್‌ವೆಲ್ ಬತ್ತಿತೇ? ಊರಿನವರೇ ಅಳೆದು ನೋಡುವುದು ಹೀಗೆ

"ಕ್ವಾರಿ ಬಂದ ಮೇಲೆ ನಮ್ಮ ಬೋರು ನಿಂತೋಯ್ತು." ಚಿಕ್ಕಬಳ್ಳಾಪುರ, ಕೋಲಾರದ ಕಡೆ ಈ ಮಾತು ಆಗಾಗ ಕೇಳಿಸುತ್ತದೆ. ಅದಕ್ಕೆ ಎದುರು ಮಾತೂ ಇದೆ: "ಮಳೆ ಇಲ್ಲ. ನೀವೇ ಸಾವಿರ ಅಡಿ ಕೊರೆಸಿ ನೀರೆಲ್ಲ ಎಳೆದುಬಿಟ್ಟಿರಿ." ಎರಡೂ ನಿಜ ಇರಬಹುದು. ಯಾವುದರ ಪಾಲು ಎಷ್ಟು ಅಂತ ಹೇಳಬೇಕಾದರೆ ಅಳತೆ ಬೇಕು. ಅಳೆಯುವ ಕೆಲಸಕ್ಕೆ ಒಂದು ನೋಟ್‌ಬುಕ್, ಉದ್ದದ ವೈರು, ಒಂದು ಮಲ್ಟಿಮೀಟರ್ ಮತ್ತು ಒಂದು ವರ್ಷದ ತಾಳ್ಮೆ ಸಾಕು.

ಮೊದಲು ನೆಲದೊಳಗಿನ ಸಂಗತಿ ತಿಳಿದಿರಲಿ. ತೆಲಂಗಾಣದ ಸಿಂಗರೇಣಿಯಂಥ ಕಡೆ ಕಲ್ಲಿದ್ದಲು ಇರುವುದು ಮರಳುಗಲ್ಲಿನ ಪದರಗಳ ನಡುವೆ. ನೆಲದಡಿಯ ಕಲ್ಲಿದ್ದಲು ತೆಗೆದ ಮೇಲೆ ಮೇಲಿನ ಪದರ ಕುಸಿದು ಬಿರುಕು ಬಿಡುತ್ತದೆ, ಅಲ್ಲಿದ್ದ ನೀರು ಗಣಿಗೆ ಇಳಿಯುತ್ತದೆ. ನಮ್ಮದು ಗಟ್ಟಿ ಬಂಡೆಯ ಸೀಮೆ. ಇಲ್ಲಿ ನೀರು ಸಿಗುವುದು ಮೇಲಿನ ಗರಸಿನಲ್ಲಿ, ಇಲ್ಲವೇ ಬಂಡೆಯ ಸೀಳುಗಳಲ್ಲಿ. ಕ್ವಾರಿ ಗುಂಡಿ ನೀರಿನ ಮಟ್ಟಕ್ಕಿಂತ ಕೆಳಗಿಳಿದು ಅಂಥ ಸೀಳನ್ನು ಕತ್ತರಿಸಿದರೆ ನೀರು ಗುಂಡಿಗೆ ಬಸಿಯುತ್ತದೆ. ಅದನ್ನು ಮೋಟರ್ ಇಟ್ಟು ಹೊರಗೆ ಹಾಕುತ್ತಾರೆ. ಕೆಜಿಎಫ್‌ನಲ್ಲಿ 3 ಕಿಲೋಮೀಟರ್‌ಗೂ ಆಳಕ್ಕೆ ಹೋಗಿದ್ದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಅಗೆದ ಜಾಗಕ್ಕೆ ನೀರು ಹುಡುಕಿಕೊಂಡು ಬರುತ್ತದೆ, ಅಷ್ಟೆ.

ಹಾಗಾಗಿ ಇಲ್ಲಿ ಬರೀ ದೂರದ ಲೆಕ್ಕ ನಡೆಯುವುದಿಲ್ಲ. ಅದೇ ಸೀಳಿನ ಮೇಲಿರುವ ದೂರದ ಬೋರು ಇಳಿಯಬಹುದು, ಪಕ್ಕದ್ದು ಹಾಗೇ ಇರಬಹುದು.

ಯಾವ ಬಾವಿ ಆರಿಸಬೇಕು?

ಕ್ವಾರಿಯ ಸುತ್ತ ನಾಲ್ಕೂ ದಿಕ್ಕಿನಲ್ಲಿ ಒಂದೊಂದು ಬೋರು ಇರಲಿ. ಜೊತೆಗೆ ಎರಡು ಮೂರು ಕಿಲೋಮೀಟರ್ ಆಚೆ, ಕ್ವಾರಿ ಇಲ್ಲದ ಕಡೆ, ಅಷ್ಟೇ ಆಳದ ಎರಡು ಬೋರು ಬೇಕೇ ಬೇಕು. ಮಳೆ ಕಮ್ಮಿಯಾದರೆ ಎಲ್ಲವೂ ಇಳಿಯುತ್ತವೆ. ಹತ್ತಿರದವು ಮಾತ್ರ ಜಾಸ್ತಿ ಇಳಿದರೆ ಆಗ ಕ್ವಾರಿಯ ಮೇಲೆ ಅನುಮಾನಕ್ಕೆ ಬಲ ಬರುತ್ತದೆ. ದೂರದ ಬೋರು ಕೆ.ಸಿ. ವ್ಯಾಲಿ ಅಥವಾ ಎಚ್.ಎನ್. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ತುಂಬುವ ಕೆರೆಯ ಪಕ್ಕದ್ದು ಆಗಬಾರದು. ಕೆರೆ ತುಂಬಿದಾಗ ಅದು ತಾನಾಗಿ ಏರಿ ನಿಮ್ಮ ಹೋಲಿಕೆಯನ್ನೇ ಕೆಡಿಸುತ್ತದೆ. ಮೋಟರ್ ತೆಗೆದಿಟ್ಟ, ಒಳಗೆ ಇನ್ನೂ ನೀರು ನಿಂತಿರುವ ಹಳೇ ಬೋರು ಸಿಕ್ಕರೆ ಅದೇ ಒಳ್ಳೆಯದು. ಅಳೆದ ತಕ್ಷಣ ಬಾಯಿ ಭದ್ರವಾಗಿ ಮುಚ್ಚಿ. ಮಕ್ಕಳು ಓಡಾಡುವ ಜಾಗ, ಇದನ್ನು ಮರೆಯಲೇಬೇಡಿ.

ಕೊರೆಸಿದಾಗ ಎಷ್ಟು ಅಡಿಗೆ ನೀರು ಸಿಕ್ಕಿತು ಅಂತ ಮಾಲೀಕರನ್ನು ಕೇಳಿ ಬರೆದುಕೊಳ್ಳಿ. ಊರಿನ ನೀರಗಂಟಿಯನ್ನು ಜೊತೆಗೆ ಕರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಯಾವ ಬೋರು ಯಾವಾಗ ಕೈಕೊಟ್ಟಿತು ಅನ್ನುವುದು ಅವರ ತಲೆಯಲ್ಲೇ ಇರುತ್ತದೆ.

ಮಟ್ಟ ಅಳೆಯುವುದು

ಎರಡು ಎಳೆಯ ವೈರಿನ ತುದಿ ಸುಲಿದು, ಎಳೆಗಳು ಒಂದಕ್ಕೊಂದು ತಾಗದಂತೆ ಬಿಡಿಸಿಡಿ. ಅದರ ಹತ್ತಿರ ಒಂದು ಭಾರ ಕಟ್ಟಿ. ಪ್ರತಿ 10 ಅಡಿಗೆ ಬಣ್ಣದ ಟೇಪು ಸುತ್ತಿ. ಮೇಲಿನ ತುದಿಗೆ ಮಲ್ಟಿಮೀಟರ್ (ಎಲೆಕ್ಟ್ರಿಷಿಯನ್ ಬಳಸುವ ಮೀಟರು) ಸಿಕ್ಕಿಸಿ, ರೆಸಿಸ್ಟೆನ್ಸ್‌ಗೆ, ಅಂದರೆ Ω ಗುರುತಿಗೆ ಇಡಿ. ಬೀಪ್ ಸದ್ದನ್ನು ನಂಬಬೇಡಿ. ಅದು ತಂತಿಗೆ ತಂತಿ ತಾಗಿದರೆ ಕೂಗುತ್ತದೆ, ಬಾವಿ ನೀರಿಗೆ ಸಾಮಾನ್ಯವಾಗಿ ಕೂಗುವುದಿಲ್ಲ. ನಿಧಾನಕ್ಕೆ ಇಳಿಬಿಡುತ್ತಾ ಹೋಗಿ. ಸುಮ್ನೆ ನಿಂತಿದ್ದ ಮೀಟರಿನಲ್ಲಿ ಅಂಕಿ ಓಡಲು ಶುರುವಾದ ಕಡೆ ವೈರನ್ನು ಬೆರಳಿನಿಂದ ಹಿಡಿದುಕೊಳ್ಳಿ. ಕೇಸಿಂಗ್ ಪೈಪಿನ ಅಂಚಿನಿಂದ ಅಲ್ಲಿಗೆ ಎಷ್ಟು ಅಡಿ? ಪೈಪಿನ ಒಳಗೋಡೆಯ ಪಸೆಗೂ ಅಂಕಿ ಅಲ್ಲಾಡುತ್ತದೆ, ಅದಕ್ಕೆ ಮೂರು ಸಲ ಅಳೆಯಿರಿ.

ಮೋಟರ್ ಇರುವ ಬೋರಾದರೆ ಫ್ಯೂಸ್ ತೆಗೆದು, ರಾತ್ರಿಯೆಲ್ಲ ನಿಲ್ಲಿಸಿ ಬೆಳಿಗ್ಗೆ ಅಳೆಯಿರಿ. ತಿಂಗಳಿಗೊಮ್ಮೆ, ಅದೇ ತಾರೀಖು, ಅದೇ ಅಂಚು. ಪಕ್ಕದಲ್ಲಿ ಆ ತಿಂಗಳ ಮಳೆಯನ್ನೂ ಬರೆಯಿರಿ. ಕ್ವಾರಿ ಇನ್ನೂ ಶುರುವಾಗಿಲ್ಲವಾದರೆ ಇವತ್ತೇ ಶುರುಮಾಡಿ. ಮುಂಚಿನ ಅಳತೆ ಇಲ್ಲದ ದೂರು ಸಭೆಯಲ್ಲಿ ನಿಲ್ಲುವುದಿಲ್ಲ.

ಗುಂಡಿಯಿಂದ ಹೋಗುವ ನೀರು

ಕ್ವಾರಿಯವರು ಒಪ್ಪಿದರೆ ಪಂಪಿನ ಪೈಪಿನ ಕೆಳಗೆ 200 ಲೀಟರಿನ ಡ್ರಮ್ ಇಡಿ. 40 ಸೆಕೆಂಡಿಗೆ ತುಂಬಿತು ಅನ್ನಿ. ಸೆಕೆಂಡಿಗೆ 5 ಲೀಟರ್, ಗಂಟೆಗೆ 18,000 ಲೀಟರ್. ದಿನಕ್ಕೆ 6 ಗಂಟೆ ಓಡಿದರೆ 1,08,000 ಲೀಟರ್, ಅಂದರೆ 6,000 ಲೀಟರಿನ 18 ಟ್ಯಾಂಕರ್. ಬೇಸಿಗೆಯಲ್ಲಿ ಅಳೆಯುವುದೇ ಸರಿ. ಮಳೆಗಾಲದಲ್ಲಿ ಗುಂಡಿಗೆ ಬಿದ್ದ ಮಳೆ ನೀರೂ ಅದರಲ್ಲಿ ಸೇರಿರುತ್ತದೆ.

ನನಗೆ ತುಂಬಾ ನಂಬಿಕೆ ಇರುವ ಪರೀಕ್ಷೆ ಬೇರೆ. ಯುಗಾದಿಗೋ ಸಂಕ್ರಾಂತಿಗೋ ಕ್ವಾರಿ ನಾಲ್ಕೈದು ದಿನ ನಿಲ್ಲುತ್ತದೆ ಅಲ್ವಾ? ಆಗ ಪಂಪೂ ನಿಂತರೆ ಹತ್ತಿರದ ಬೋರುಗಳನ್ನು ದಿನಾ ಅಳೆಯಿರಿ. ಮಟ್ಟ ಏರಿ, ಪಂಪು ಮತ್ತೆ ಓಡಿದಾಗ ಇಳಿದರೆ ಆ ಸೀಳು ಗುಂಡಿಗೆ ಸೇರಿದೆ ಅನ್ನುವುದಕ್ಕೆ ಗಟ್ಟಿ ಸುಳಿವು ಸಿಕ್ಕಿತು. ಆದರೆ ಹಬ್ಬಕ್ಕೆ ತೋಟದ ಮೋಟರ್‌ಗಳೂ ನಿಂತಿದ್ದವಾ, ಕರೆಂಟ್ ಇತ್ತಾ ಅನ್ನುವುದನ್ನೂ ಬರೆದಿಡಿ. ದೂರದ ಬೋರುಗಳೂ ಅಷ್ಟೇ ಏರಿದ್ದರೆ ಅದು ಕ್ವಾರಿಯ ಕತೆ ಅಲ್ಲ.

ನೀರಿನ ಗುಣವನ್ನೂ ವರ್ಷಕ್ಕೆರಡು ಸಲ ಲ್ಯಾಬಿನಲ್ಲಿ ನೋಡಿಸಿ. ಸಿಡಿಮದ್ದಿನ ಅಮೋನಿಯಂ ನೈಟ್ರೇಟ್‌ನಿಂದ ನೀರಿನಲ್ಲಿ ನೈಟ್ರೇಟ್ ಏರಬಹುದು. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ತಿಪ್ಪೆ, ಯೂರಿಯಾದಿಂದಲೂ ಅದು ಏರುತ್ತದೆ, ಆದ್ದರಿಂದ ಇಲ್ಲೂ ದೂರದ ಬೋರಿನ ಜೊತೆ ಹೋಲಿಸಬೇಕು.

ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿಗಳನ್ನು ಗ್ರಾಮ ಪಂಚಾಯಿತಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಕ್ವಾರಿಯ ಗಣಿಗಾರಿಕೆ ಯೋಜನೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಗುಂಡಿ ಎಲ್ಲಿಯವರೆಗೆ ಇಳಿಯುತ್ತದೆ ಅನ್ನುವ ಆಳವನ್ನು ಅದರಲ್ಲಿ ಹುಡುಕಿ, ನಿಮ್ಮ ಬೋರಿನ ನೀರಿನ ಮಟ್ಟದ ಪಕ್ಕ ಇಟ್ಟು ನೋಡಿ. ಕ್ವಾರಿ ಗುಡ್ಡದ ಮೇಲಿದ್ದರೆ ಎರಡರ ನಡುವಿನ ಎತ್ತರವನ್ನು ಸರ್ವೆಯವರಿಂದಲೇ ಅಳೆಸಿ. ಮೊಬೈಲ್ ತೋರಿಸುವ ಎತ್ತರ ಹತ್ತಾರು ಅಡಿ ತಪ್ಪಿರಬಹುದು.