ಬಿಸಿಯೋ, ಖಾರವೋ, ಸೆಕೆಯೋ: ‘ಹಾಟ್’ ಪದವನ್ನು ಇಟಾಲಿಯನ್‌ಗೆ ತರುವ ಬಗೆ

ಇಂಗ್ಲಿಷಿನ ‘ಹಾಟ್’ ಪದಕ್ಕೆ ನಿಘಂಟಿನಲ್ಲಿ ಮೊದಲು ಸಿಗುವ ‘ಕಾಲ್ದೊ’ವನ್ನೇ ಎತ್ತಿಕೊಂಡು ಮುಂದೆ ಸಾಗುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ದಾವಣಗೆರೆಯ ಮಂಡಕ್ಕಿ-ಮಿರ್ಚಿಯ ಬಗ್ಗೆ ಇಂಗ್ಲಿಷಿನಲ್ಲಿದ್ದ ಪುಟ್ಟ ಬರಹವೊಂದನ್ನು ಅನುವಾದಿಸುವಾಗ ನಾನೂ ಅದನ್ನೇ ಮಾಡಿದ್ದೆ. ಮಿರ್ಚಿ ಕಣ್ಣಲ್ಲಿ ನೀರು ಬರಿಸುವಷ್ಟು ಖಾರ ಎಂಬುದು ಮೂಲದ ಮಾತಾಗಿದ್ದರೆ, ನನ್ನ ವಾಕ್ಯ ಅದು ಈಗಷ್ಟೇ ಬಾಣಲೆಯಿಂದ ಇಳಿದಿದೆ ಎಂದು ಹೇಳುತ್ತಿತ್ತು. ನಮ್ಮೂರಿನಲ್ಲಿ ಎರಡೂ ನಿಜವೇ ಆದ್ದರಿಂದ ತಪ್ಪು ಬೇಗ ಕಣ್ಣಿಗೆ ಬೀಳಲಿಲ್ಲ.

ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಇಟಾಲಿಯನ್ ನಿಘಂಟನ್ನು ತೆರೆಯುವ ಮೊದಲು ವಾಕ್ಯವನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ ನೋಡುವುದು. ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸಿದ್ದನ್ನು ನಾವು ಬಿಸಿ, ಖಾರ, ಸೆಕೆ ಎಂದು ಬೇರೆಬೇರೆಯಾಗಿಯೇ ಹೇಳುತ್ತೇವೆ. ಬಾಯಿಗೆ ‘ಖಾರ’ ಬಂದರೆ ‘ಪಿಕ್ಕಾಂತೆ’ ಎಂದು ಬರೆಯಬೇಕು; ‘ಬಿಸಿ’ ಬಂದರೆ ‘ಕಾಲ್ದೊ’ ಸರಿ. ಸೆಕೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಅಲ್ಲಿ ‘ಕಾಲ್ದೊ’ ಉಳಿದು ಕ್ರಿಯಾಪದ ಬದಲಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನವನ್ನು ಬಣ್ಣಿಸುವಾಗ ‘ಮಾಡು’ ಎಂಬರ್ಥದ ಕ್ರಿಯಾಪದದೊಂದಿಗೆ ‘ಫಾ ಕಾಲ್ದೊ’ ಎನ್ನಬೇಕು. ನನಗೆ ಸೆಕೆಯಾಗುತ್ತಿದೆ ಎನ್ನುವಾಗ ‘ಹೊಂದಿರು’ ಎಂಬರ್ಥದ ಕ್ರಿಯಾಪದ ಬಂದು ‘ಓ ಕಾಲ್ದೊ’ ಎಂದಾಗುತ್ತದೆ. ಇಂಗ್ಲಿಷಿನ ಜಾಡಿನಲ್ಲೇ ನಡೆದು ‘ಸೋನೊ ಕಾಲ್ದೊ’ ಎಂದರೆ ಕೇಳುವವರು ಮುಸಿಮುಸಿ ನಕ್ಕಾರು. ಅದಕ್ಕೆ ಹೊಳೆಯುವ ಅರ್ಥ ಹವೆಗೆ ಸಂಬಂಧಿಸಿದ್ದಲ್ಲ.

ಪದ ಗೊತ್ತಾದ ಮೇಲೆ ಲಿಂಗವನ್ನು ಹೊಂದಿಸಬೇಕು. ಹಾಲು ಅಲ್ಲಿ ಪುಲ್ಲಿಂಗವಾದ್ದರಿಂದ ‘ಲಾತ್ತೆ ಕಾಲ್ದೊ’, ನೀರು ಸ್ತ್ರೀಲಿಂಗವಾದ್ದರಿಂದ ‘ಆಕ್ವಾ ಕಾಲ್ದಾ’. ‘ಪಿಕ್ಕಾಂತೆ’ಗೆ ಲಿಂಗದ ತೊಡಕಿಲ್ಲ, ಬಹುವಚನದಲ್ಲಿ ಮಾತ್ರ ‘ಪಿಕ್ಕಾಂತಿ’ ಆಗುತ್ತದೆ.

ನಂತರ, ಆರಿಸಿದ ಪದವನ್ನು ಟ್ರೆಕ್ಕಾನಿಯಂತಹ ಇಟಾಲಿಯನ್-ಇಟಾಲಿಯನ್ ನಿಘಂಟಿನಲ್ಲಿ ಹಿಮ್ಮುಖವಾಗಿ ಹುಡುಕಿ, ಅರ್ಥಕ್ಕಿಂತ ಹೆಚ್ಚಾಗಿ ಉದಾಹರಣೆಗಳನ್ನು ಓದಬೇಕು. ‘ಪಿಕ್ಕಾಂತೆ’ಯನ್ನು ಪೋಲಿ ಜೋಕುಗಳಿಗೂ ಬಳಸುತ್ತಾರೆಂಬುದು ತಿಳಿಯುವುದು ಇಂತಹ ಕಡೆಯೇ. ಮೆಣಸಿನಕಾಯಿಯ ಪಕ್ಕದಲ್ಲಿ ಅದರಿಂದ ತೊಂದರೆಯಿಲ್ಲ. ಒಬ್ಬ ವ್ಯಕ್ತಿಯ ಮಾತಿನ ವರಸೆಗೆ ಬಳಸುವಾಗ ಯೋಚಿಸಬೇಕು. ‘ಹಾಟ್’ ಎಂಬುದು ಚರ್ಚೆಯ ವಿಷಯಕ್ಕೆ ಬಂದಿದ್ದರೆ ಈ ಎರಡೂ ಪದ ಬೇಡ, ಸುಡುವುದು ಎಂಬರ್ಥದಿಂದ ಬಂದ ‘ಸ್ಕೊತ್ತಾಂತೆ’ ಹೊಂದುತ್ತದೆ.

ಕನ್ನಡದ ಈ ಉಪಾಯ ಎಲ್ಲ ಪದಗಳಿಗೂ ಒದಗುವುದಿಲ್ಲ. ಇಂಗ್ಲಿಷಿನ ‘ನೋ’ ಕ್ರಿಯಾಪದಕ್ಕೆ ನಾವೂ ‘ಗೊತ್ತು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಇಟಾಲಿಯನ್‌ನಲ್ಲಿ ಈಜಲು ಗೊತ್ತು ಎನ್ನಲು ‘ಸಾಪೇರೆ’, ಆ ಮನುಷ್ಯ ಗೊತ್ತು ಎನ್ನಲು ‘ಕೊನೋಶ್ಶೆರೆ’ ಬೇಕು. ಅಲ್ಲಿ ‘ಗೊತ್ತು’ ಇದ್ದ ಜಾಗದಲ್ಲಿ ‘ಪರಿಚಯವಿದೆ’ ಎಂದು ಇಟ್ಟು ನೋಡಿ. ವಾಕ್ಯ ನಿಂತರೆ ಎರಡನೆಯದನ್ನು ಬರೆಯಿರಿ.