ಉಗುರಿಗೆ ಏಣು ತಾಗಿದ ಲೇಥನ್ನೇ ನಾನು ಕೊಂಡೆ

ಲೋಹ ತಿರುಗಿಸಿ ಕಡೆಯುವ ಹಳೇ ಲೇಥ್ ಒಂದನ್ನು ನೋಡಲು ಹೋಗಿದ್ದೆ. ಕಡೆಯುವ ತುಂಡನ್ನು (ಜಾಬ್) ಹಿಡಿಯುವ ಚಕ್ ಪಕ್ಕದಲ್ಲಿ, ಟೂಲ್ ಹೊತ್ತ ಸ್ಯಾಡಲ್ ಜಾರುವ ಬೆಡ್ ಮೇಲೆ ಬೆರಳು ಎಳೆದರೆ ಸವೆದ ಜಾಗದ ಅಂಚಿನ ಏಣು ಉಗುರಿಗೆ ತಾಗುತ್ತಿತ್ತು. ಜೊತೆಗೆ ಬಂದಿದ್ದ ಹಿರಿಯ ಫಿಟ್ಟರ್ ಅಷ್ಟಕ್ಕೇ ಕೈ ಒರೆಸಿಕೊಂಡರು. "ಬೇಡ ಕಣಯ್ಯ, ಬೆಡ್ ಹೋಗಿದೆ. ಇದಕ್ಕೆ ದುಡ್ಡು ಹಾಕಬೇಡ" ಅಂದರು. ಅದಕ್ಕೂ ಮೊದಲು ನಾಲ್ಕೈದು ಜನ ನೋಡಿ ಬಿಟ್ಟುಹೋಗಿದ್ದ ಯಂತ್ರ ಅದು. ಅದನ್ನೇ ಕೊಂಡೆ. ಮೂರು ವರ್ಷ ಆಗುತ್ತಾ ಬಂತು, 100 ಮಿಮೀ ಉದ್ದದಲ್ಲಿ ವ್ಯಾಸಕ್ಕೆ 4-5 ಮೈಕ್ರಾನ್ (ಮಿಮೀಯ ಸಾವಿರದಲ್ಲೊಂದು ಭಾಗ) ದಾಟಿ ಟೇಪರ್, ಅಂದರೆ ಒಂದು ತುದಿ ದಪ್ಪ ಇನ್ನೊಂದು ಸಣ್ಣ ಆಗುವುದು, ಬಂದಿಲ್ಲ. ಬೇಡ ಅಂದ ಆ ಹಿರಿಯರೇ ಈಗ ತಮ್ಮ ಬುಷ್ ಕೆಲಸ ನನ್ನ ಹತ್ತಿರ ತರುತ್ತಾರೆ.

ಹೇಗೆ ಅಂತ ತುಂಬ ಜನ ಕೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಒಂದು ಸಲ ಚೆನ್ನಾಗಿ ಕೈ ಸುಟ್ಟುಕೊಂಡಿದ್ದೆ. ನನ್ನ ಮೊದಲ ಸೆಕೆಂಡ್ ಹ್ಯಾಂಡ್ ಲೇಥ್ ಹೊಸ ಬಣ್ಣ ಹೊಡೆದದ್ದು, ಬೆಡ್ ಆಗ ತಾನೇ ಗ್ರೈಂಡ್ ಮಾಡಿದ್ದು, ಕನ್ನಡಿಯಂತಿತ್ತು. ಏಣು ಗೀಣು ಏನೂ ಇರಲಿಲ್ಲ. ಎಲ್ಲರೂ ಬೆನ್ನು ತಟ್ಟಿದರು. ತಂದು ಕೂರಿಸಿ ಥ್ರೆಡ್ ಹಾಕೋಣ ಅಂತ ಹಾಫ್ ನಟ್ (ಸ್ಯಾಡಲ್ ಅನ್ನು ಲೀಡ್ ಸ್ಕ್ರೂಗೆ ಕಚ್ಚಿಸುವ ನಟ್) ಮುಚ್ಚಿದರೆ, ಸ್ಯಾಡಲ್ ಎಳೆಯುವ ಆ ಉದ್ದನೆಯ ಲೀಡ್ ಸ್ಕ್ರೂ ಬಾಗುವುದು ಬರಿಗಣ್ಣಿಗೇ ಕಾಣುತ್ತಿತ್ತು. ಬೆಡ್ ಅನ್ನು ಸುಮಾರು 0.4 ಮಿಮೀ ಇಳಿಸಿ ಗ್ರೈಂಡ್ ಮಾಡಿದ್ದರು. ಸ್ಯಾಡಲ್, ಅದರ ಮುಂದೆ ತೂಗುವ ಏಪ್ರನ್ ಅಷ್ಟೂ ಕೆಳಗೆ ಕೂತಿದ್ದವು, ಲೀಡ್ ಸ್ಕ್ರೂ ಮಾತ್ರ ಹಳೇ ಎತ್ತರದಲ್ಲೇ ಇತ್ತು. ಸ್ಯಾಡಲ್ ಕೆಳಗೆ ಟರ್ಸೈಟ್ (ಜಾರುವ ಪ್ಲಾಸ್ಟಿಕ್ ಪಟ್ಟಿ) ಅಂಟಿಸಿ ಮೇಲೆತ್ತುವ ಕೆಲಸವನ್ನು ಮಾರಿದವರು ಮಾಡಿರಲಿಲ್ಲ. ಜಾಬ್‌ನ ಇನ್ನೊಂದು ತುದಿಗೆ ಆಧಾರ ಕೊಡುವ ಟೇಲ್‌ಸ್ಟಾಕ್‌ನ ಸೆಂಟರ್ ಕೂಡ, ಚಕ್ ತಿರುಗಿಸುವ ಸ್ಪಿಂಡಲ್‌ಗಿಂತ ಕೆಳಗಿತ್ತು. ಲೇಥ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 1708ರ ಪ್ರಕಾರ ಟೇಲ್‌ಸ್ಟಾಕ್ ಸೆಂಟರ್ ತುಸು ಮೇಲಿದ್ದರೆ ಪಾಸು, ಕೆಳಗಿದ್ದರೆ ಇಲ್ಲ. ಸವೆದು ಇಳಿಯುವುದು ಅದೇ ಆದ್ದರಿಂದ ಹಾಗೆ. ಇಷ್ಟು ಸಾಲದು ಅಂತ ಸ್ಪಿಂಡಲ್ ಬೇರಿಂಗ್ ಬೇರೆ ಹೋಗಿತ್ತು. ಜೋಡಿ ಮಾಡಿದ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಸೆಟ್‌ಗೆ ಬೆಲೆ ಕೇಳಿದರೆ ಲೇಥಿಗೆ ಕೊಟ್ಟದ್ದರ ಅರ್ಧಕ್ಕಿಂತ ಹೆಚ್ಚು! ಏಳೆಂಟು ತಿಂಗಳು ಒದ್ದಾಡಿ ಅರ್ಧ ಬೆಲೆಗೆ ಕಳಿಸಿದೆ. ಅಲ್ಲಿಂದ ಈಚೆಗೆ ಬೆಡ್‌ನ ಹೊಳಪು ನೋಡಿ ಯಂತ್ರ ಕೊಂಡಿಲ್ಲ.

ಈಗ ಏಣಿನ ವಿಷಯ. ಏಣಿದೆ ಅಂದರೆ ಸ್ಯಾಡಲ್ ಕೆಳಗೆ ಇಳಿದಿದೆ ಅಂತ ಅರ್ಥ, ಸರಿ. ಟೂಲ್ ಕೆಳಗೆ ಇಳಿದರೆ ಜಾಬ್‌ಗೆ ಆಗುವ ನಷ್ಟ ಎಷ್ಟು? ಇಳಿತದ ವರ್ಗವನ್ನು ವ್ಯಾಸದಿಂದ ಭಾಗಿಸಿ, ರೇಡಿಯಸ್‌ನ ತಪ್ಪು ಸಿಗುತ್ತದೆ. 20 ಮಿಮೀ ಜಾಬ್, 0.06 ಇಳಿತ ಅಂದರೆ ರೇಡಿಯಸ್‌ಗೆ 0.2 ಮೈಕ್ರಾನ್ ಕೂಡ ಇಲ್ಲ. ಅದೇ ಟೂಲ್ ಅಡ್ಡಕ್ಕೆ, ನಮ್ಮ ಕಡೆಗೆ, 0.01 ಸರಿದರೆ ವ್ಯಾಸಕ್ಕೆ ನೇರವಾಗಿ 0.02. ಹಾಗಾಗಿ ಏಣು ಎಷ್ಟಿದೆ ಅನ್ನುವುದಕ್ಕಿಂತ ಟೂಲ್ ಅಡ್ಡಕ್ಕೆ ಎಷ್ಟು ಸರಿಯುತ್ತದೆ ಅನ್ನುವುದೇ ಮುಖ್ಯ. ಇಷ್ಟು ಲೆಕ್ಕವನ್ನು ಆ ದಿನ ಅಲ್ಲಿದ್ದ ಯಾರೂ ಮಾಡಿರಲಿಲ್ಲ.

ನನ್ನದೇ ಟೆಸ್ಟ್ ಬಾರ್ (ಅಳತೆಗೆಂದೇ ನೆಟ್ಟಗೆ ಮಾಡಿದ ಸರಳು) ತೆಗೆದುಕೊಂಡು ಹೋಗಿದ್ದೆ. ಕಾಲೆಟ್‌ನಲ್ಲಿ (ಸುತ್ತಲೂ ಬಿಗಿಯುವ ಸೀಳಿದ ತೋಳು) ಹಿಡಿದು, ಸ್ಯಾಡಲ್ ಮೇಲೆ ಪಪ್ಪಿ ಡಯಲ್ (ಸಣ್ಣ ವ್ಯತ್ಯಾಸ ತೋರುವ ಗೇಜ್) ಇಟ್ಟು ಮೊದಲು ಬಾರ್‌ನ ತಲೆಯ ಮೇಲೆ ಓಡಿಸಿದೆ: 0.05-0.06 ವ್ಯತ್ಯಾಸ. ಹಿರಿಯರು "ನೋಡಿದೆಯಾ" ಅಂದರು. ಆಮೇಲೆ ಸೆಂಟರ್ ಎತ್ತರದಲ್ಲಿ ಪಕ್ಕಕ್ಕೆ ಮುಟ್ಟಿಸಿ ಓಡಿಸಿದೆ: 100 ಮಿಮೀಗೆ 0.012. ಸ್ಪಿಂಡಲ್ ಅರ್ಧ ಸುತ್ತು ತಿರುಗಿಸಿ ಮತ್ತೆ ಓದಿ ಸರಾಸರಿ ತೆಗೆಯಬೇಕು, ಇಲ್ಲದಿದ್ದರೆ ಬಾರ್‌ನ ರನೌಟ್ (ತಿರುಗುವಾಗಿನ ಓಲಾಟ) ಮೋಸ ಮಾಡುತ್ತದೆ. ಕೊನೆಗೆ ಮಾರುವವರನ್ನು ಒಪ್ಪಿಸಿ ಫೌಂಡೇಶನ್ ಬೋಲ್ಟ್ ನಾಲ್ಕನ್ನೂ ಸಡಿಲ ಮಾಡಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಓದಿದರೆ 0.007! ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ತಪ್ಪು ಸವೆತದ್ದಲ್ಲ, ಓರೆಯಾಗಿ ಕೂರಿಸಿ ಬೋಲ್ಟ್ ಬಿಗಿದು ಬೆಡ್ ತಿರುಚಿದ್ದು. ಅಲ್ಲೇ ಮನಸ್ಸು ಗಟ್ಟಿಯಾಯಿತು.

ಆದರೆ ಸ್ಪಿಂಡಲ್ ಒಳ್ಳೆಯದಿಲ್ಲದಿದ್ದರೆ ಇಷ್ಟೂ ವ್ಯರ್ಥ. ಬೆಲ್ಟ್ ಬಿಚ್ಚಿ ಕೈಯಲ್ಲಿ ತಿರುಗಿಸಿದೆ, ರೇಷ್ಮೆಯ ಹಾಗೆ ಓಡಿತು, ಎಲ್ಲೂ ಕಲ್ಲು ಸಿಕ್ಕಿದಂತೆ ಆಗಲಿಲ್ಲ. ಬಾರ್ ಕೆಳಗೆ ಮರದ ಕೋಲು ಕೊಟ್ಟು ಎತ್ತಿ ಬಿಟ್ಟೆ. ಡಯಲ್ ಮುಳ್ಳು ನಾಲ್ಕು ಮೈಕ್ರಾನ್ ಹೋಗಿ ಮತ್ತೆ ಅದೇ ಗೆರೆಗೆ ಬಂದು ನಿಂತಿತು. ಸ್ಪಿಂಡಲ್ ಬಾಯಿಯ ಟೇಪರ್ ತೂತಿನ ಒಳಗೆ ರನೌಟ್ 2 ಮೈಕ್ರಾನ್ ಒಳಗೇ. ಅರ್ಧ ಗಂಟೆ ಟಾಪ್ ಸ್ಪೀಡಿನಲ್ಲಿ ಓಡಿಸಿ ಬೇರಿಂಗ್ ಹೌಸಿಂಗ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು, ಅಷ್ಟೇ.

ಬೆಲೆ ಇಳಿಸಲು ಅದೇ ಏಣನ್ನು ತೋರಿಸಿದೆ. ಅದೇ ಸೈಜಿನ ಹೊಸ ಟೂಲ್‌ರೂಮ್ ಲೇಥ್‌ನ ಹದಿನೈದನೇ ಒಂದು ಭಾಗಕ್ಕೆ ಬಂತು. ಆಮೇಲೆ ಖರ್ಚು ಸುಮ್ಮನಿರಲಿಲ್ಲ. ಸಾಗಿಸಿ ಇಳಿಸಿದ್ದಕ್ಕೆ ಕೊಂಡ ಬೆಲೆಯ ಹತ್ತನೇ ಒಂದು ಪಾಲು, ಡ್ರೈವ್ ಮತ್ತು ವೈರಿಂಗ್‌ಗೆ ಇನ್ನೊಂದು ಹತ್ತನೇ ಪಾಲು. ದೊಡ್ಡ ಪೆಟ್ಟು ಸ್ಟೆಡಿ ರೆಸ್ಟ್‌ನದ್ದು (ಉದ್ದದ ಜಾಬ್‌ಗೆ ನಡುವೆ ಆಧಾರ ಕೊಡುವ ಭಾಗ). ಯಂತ್ರದ ಜೊತೆ ಅದು ಇರಲಿಲ್ಲ, ಬಿಡಿಯಾಗಿ ಹುಡುಕಿದಾಗ ಕಾಲು ಭಾಗ ಕೇಳಿದರು. ಕೊಡಲಿಲ್ಲ, ಎರಕ ಹೊಯ್ಯಿಸಿ ನಾನೇ ಮಾಡಿಕೊಂಡೆ. ಕಾಲೆಟ್ 5ಸಿ ಮಾದರಿಯದ್ದಾಗಿದ್ದು ಪುಣ್ಯ, ಎಲ್ಲೆಡೆ ಸಿಗುತ್ತದೆ. ಸ್ವಿಸ್ ಶೌಬ್ಲಿನ್ ಲೇಥ್ ತರಹ ಡಬ್ಲ್ಯೂ20 ಮಾದರಿ ಇದ್ದಿದ್ದರೆ ಕಾಲೆಟ್ ಸೆಟ್ಟಿಗೇ ಜೇಬು ಖಾಲಿಯಾಗುತ್ತಿತ್ತು.

ಉಳಿದ 0.007 ತೆಗೆದದ್ದೇ ನಾನು ಹೆಮ್ಮೆಪಡುವ ಕೆಲಸ. ಬೆಡ್‌ನ ಮುಂದಿನ ವೇ (ಸ್ಯಾಡಲ್ ಜಾರುವ ಹಳಿ) ಹೆಚ್ಚು ಸವೆದಿದ್ದರಿಂದ ಚಕ್ ಹತ್ತಿರ ಸ್ಯಾಡಲ್ ನಮ್ಮ ಕಡೆ ವಾಲುತ್ತಿತ್ತು, ಜಾಬ್ ಅಲ್ಲಿ ದಪ್ಪ ಬರುತ್ತಿತ್ತು. ಮೊದಲು ಮೀಟರಿಗೆ 0.02 ಮಿಮೀ ತೋರುವ ಲೆವೆಲ್ ಇಟ್ಟು ಬೆಡ್ ನೆಟ್ಟಗೆ ಮಾಡಿ, ಆಮೇಲೆ ಬೇಕಂತಲೇ ಕಾಲಿನ ಜ್ಯಾಕಿಂಗ್ ಬೋಲ್ಟ್‌ನಿಂದ ಎದುರು ದಿಕ್ಕಿಗೆ ತಿರುಚಿದೆ. ಎರಡು ಕಾಲರ್ (ಉಬ್ಬಿದ ಪಟ್ಟಿ) ಇರುವ ಬಾರ್ ಹಿಡಿದು, ಟೇಲ್‌ಸ್ಟಾಕ್ ಆಧಾರ ಇಲ್ಲದೆ, ಚೂಪಾದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ 0.05 ಕಟ್, ಅಳತೆ, ತಿರುಚು, ರಾತ್ರಿ ಬಿಡು, ಬೆಳಿಗ್ಗೆ ಮತ್ತೆ ಕಟ್. ಹನ್ನೊಂದೋ ಹನ್ನೆರಡೋ ದಿನ ಹಿಡಿಯಿತು. ಮೊದಲ ವಾರ ಪೂರ್ತಿ ಹಾಳು: ಬೆಳಿಗ್ಗೆ ತಣ್ಣಗಿನ ಯಂತ್ರದಲ್ಲಿ ಒಮ್ಮೆ, ಸಂಜೆ ಬಿಸಿಯಲ್ಲಿ ಒಮ್ಮೆ ಅಳೆದು ನನ್ನನ್ನೇ ಸುತ್ತು ಹೊಡೆಸಿಕೊಂಡೆ. ಯಾವ ಕಾಲು, ಎಷ್ಟು ಸುತ್ತು, ಯಾವ ಕ್ರಮ ಅನ್ನುವುದು ನನ್ನ ಹತ್ತಿರವೇ ಇರಲಿ. ಕಾಲರ್‌ನ ಅಗಲವೂ ಅಷ್ಟೇ.

ಆ ವಾರದ ಗೊಂದಲದಿಂದಲೇ ಇನ್ನೊಂದು ಪ್ರಯೋಗ ಹುಟ್ಟಿತು. ಹೆಡ್‌ಸ್ಟಾಕ್ (ಸ್ಪಿಂಡಲ್ ಹೊತ್ತ ಪೆಟ್ಟಿಗೆ) ಬಿಸಿಯಾಗುವಾಗ ಸ್ಪಿಂಡಲ್ ಎತ್ತ ಹೋಗುತ್ತದೆ ಅಂತ ಮೂರು ಡಯಲ್ ಇಟ್ಟು ಕೂತೆ. ನಲವತ್ತು ನಿಮಿಷದಲ್ಲಿ ಮೇಲಕ್ಕೆ 15 ಮೈಕ್ರಾನ್ ಆಸುಪಾಸು, ಅಡ್ಡಕ್ಕೆ 3, ಮುಂದಕ್ಕೆ ಸುಮಾರು 20. ಮೇಲಕ್ಕೆ ಹೋದದ್ದು ಏಣಿನ ಲೆಕ್ಕದಂತೆಯೇ ಜಾಬ್‌ಗೆ ತಾಗುವುದಿಲ್ಲ. ಮುಂದಕ್ಕೆ ಬೆಳೆದದ್ದು ಭುಜದ ಉದ್ದಕ್ಕೆ ನೇರವಾಗಿ ಹೊಡೆಯುತ್ತದೆ. ಈಗ ಫಿನಿಶ್ ಕಟ್‌ಗೆ ಮೊದಲು ಮುಕ್ಕಾಲು ಗಂಟೆ ಖಾಲಿ ಓಡಿಸಿಯೇ ಸಿದ್ಧ.

ಫೇಸಿಂಗ್, ಅಂದರೆ ಜಾಬ್‌ನ ಮುಖ ಸಮ ಮಾಡುವುದನ್ನೂ ನೋಡಿದೆ. 120 ವ್ಯಾಸದ ಎರಕದ ಬಿಲ್ಲೆಗೆ ಫೇಸ್ ಮಾಡಿ, ಟೂಲ್ ಜಾಗದಲ್ಲಿ ಡಯಲ್ ಇಟ್ಟು ಸೆಂಟರ್ ದಾಟಿಸಿ ಆಚೆ ಬದಿಗೆ ಓಡಿಸಿದೆ. ಈಚೆ ಬದಿಯಲ್ಲಿ ಓಡಿಸಿದರೆ ಸೊನ್ನೆಯೇ ಬರುತ್ತದೆ, ತಪ್ಪು ಕಾಣುವುದು ಆಚೆ, ಅದೂ ಇಮ್ಮಡಿಯಾಗಿ. 6-7 ಮೈಕ್ರಾನ್ ಒಳಗುಳಿ ಬಂತು. ಒಳಗುಳಿ ಇದ್ದರೆ ಒಳ್ಳೆಯದು, ಉಬ್ಬು ಬಂದಿದ್ದರೆ ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಬಿಚ್ಚಿ ಸ್ಕ್ರೇಪ್ ಮಾಡಬೇಕಿತ್ತು (ಕೈಯಲ್ಲಿ ಕೆರೆದು ಸರಿಮಾಡಬೇಕಿತ್ತು).

ಒಂದು ಮಿತಿ ಇದೆ: ಬೆಡ್ ಸವೆದ ತಗ್ಗು ಬಾಗಿದ ಗೆರೆ, ನಾನು ಕೊಟ್ಟ ತಿರುಚು ನೇರ ಗೆರೆ. ಎರಡೂ ಹೊಂದಿಕೊಂಡದ್ದು ಚಕ್‌ನಿಂದ 40 ರಿಂದ 160 ಮಿಮೀ ನಡುವೆ ಮಾತ್ರ. 250 ದಾಟಿದರೆ ಟೇಪರ್ ಉಲ್ಟಾ ಹೊಡೆಯುತ್ತದೆ. ನನ್ನ ಕೆಲಸದಲ್ಲಿ ಹತ್ತಕ್ಕೆ ಒಂಬತ್ತು ಜಾಬ್ 100 ಮಿಮೀ ಒಳಗಿನವು. ಉದ್ದದ ಶಾಫ್ಟ್ ಬಂದರೆ ಗ್ರೈಂಡಿಂಗ್‌ಗೆ ಕಳಿಸುತ್ತೇನೆ.